ಕಡಲ ನೀಲಿಯಿಂದ ರಕ್ತದ ಹನಿಯವರೆಗೆ

ಕೋವಿಡ್ ಪಿಡುಗಿನ ಕಾಲದಲ್ಲಿ ನಮ್ಮ ಮನೆಗಳನ್ನು ಹೊಕ್ಕ ವಸ್ತುಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದು. 2020ಕ್ಕೆ ಮುಂಚೆ ಆಸ್ಪತ್ರೆಯ ಹೊರಗೆ ಅದನ್ನು ಕಂಡವರೇ ವಿರಳ. ಆಮೇಲೆ ಅದರ ಮೇಲೆ ಮೂಡುವ ಅಂಕಿಗಳನ್ನು ನೋಡುತ್ತ ರಾತ್ರಿ ಕಳೆದ ಕುಟುಂಬಗಳಿಗೆ ಲೆಕ್ಕವಿಲ್ಲ. ಆ ಪುಟ್ಟ ಉಪಕರಣ ಸೂಜಿ ಚುಚ್ಚುವುದಿಲ್ಲ, ಒಂದು ಹನಿ ರಕ್ತವನ್ನೂ ಕೇಳುವುದಿಲ್ಲ. ಕೆಂಪು ಮತ್ತು ಅವಕೆಂಪು ಎಂಬ ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಆಚೆಗೆ ಬರುವಾಗ ಯಾವುದು ಎಷ್ಟು ಕುಂದಿದೆ ಎಂದು ಲೆಕ್ಕ ಹಾಕುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೆ ಒಂದು ಬಣ್ಣ, ಹೊರದ ರಕ್ತಕ್ಕೆ ಇನ್ನೊಂದು. ಆ ವ್ಯತ್ಯಾಸವೇ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ.

ಬೆಳಕಿನಿಂದ ರಕ್ತವನ್ನು ಓದುವ ಈ ವಿದ್ಯೆ ಹಳೆಯದು. 1862ರಲ್ಲಿ ಜರ್ಮನಿಯ ಫೆಲಿಕ್ಸ್ ಹೋಪೆ-ಸೈಲರ್ ರಕ್ತದ ದ್ರಾವಣದ ಮೂಲಕ ಬೆಳಕನ್ನು ಹಾಯಿಸಿ, ರೋಹಿತದಲ್ಲಿ ಮೂಡುವ ಕಪ್ಪು ಪಟ್ಟೆಗಳನ್ನು ಗುರುತಿಸಿದರು. ಹಿಮೋಗ್ಲೋಬಿನ್ ಎಂಬ ಹೆಸರೂ ಅವರದೇ. 1864ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ಆಮ್ಲಜನಕ ಕಳೆದುಕೊಂಡಾಗ ಎರಡು ಪಟ್ಟೆಗಳು ಒಂದಾಗುವುದನ್ನೂ, ಗಾಳಿಯ ಸಂಪರ್ಕ ಬಂದೊಡನೆ ಮತ್ತೆ ಎರಡಾಗುವುದನ್ನೂ ತೋರಿಸಿಕೊಟ್ಟರು. ಆದರೆ ಈ ಮಾರ್ಗಕ್ಕೊಂದು ಮಿತಿಯಿತ್ತು. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ, ಅಂದರೆ ಬಣ್ಣವಿರುವ ವಸ್ತುವನ್ನಷ್ಟೇ ಅದು ಗುರುತಿಸಬಲ್ಲದು. ರಕ್ತದಲ್ಲಿರುವ ಸಕ್ಕರೆಗೆ ಬಣ್ಣವಿಲ್ಲ, ಯೂರಿಯಾಕ್ಕೂ ಇಲ್ಲ. ಅಂಥ ಅಣುಗಳನ್ನೂ ಅವುಗಳ ಸ್ವಭಾವದಿಂದಲೇ ಗುರುತಿಸಬಲ್ಲ ಬೆಳಕೊಂದು ಬೇಕಿತ್ತು.

ಅಂಥ ಬೆಳಕು 1928ರಲ್ಲಿ ಕಲ್ಕತ್ತದಲ್ಲಿ ಸಿಕ್ಕಿತು. ಅದನ್ನು ಕಂಡ ಚಂದ್ರಶೇಖರ ವೆಂಕಟ ರಾಮನ್ ತಮ್ಮ ಬದುಕಿನ ಕೊನೆಯ 37 ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಪ್ರತಿ ಫೆಬ್ರುವರಿ 28ರಂದು ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಆದರೆ ಅವರು ಕಂಡದ್ದೇನು, ಅದನ್ನು ಕಾಣುವ ಮುನ್ನ ಐದು ವರ್ಷ ಯಾವ ತಪ್ಪು ಹೆಸರಿನ ಹಿಂದೆ ಅದು ಅಡಗಿತ್ತು, ಇಂದು ಒಂದು ಹನಿ ರಕ್ತವನ್ನು ಓದಲು ಹೊರಟ ವೈದ್ಯವಿಜ್ಞಾನಕ್ಕೆ ಆ ಕಥೆ ಏಕೆ ಮುಖ್ಯ ಎಂಬುದು ಭಾಷಣಗಳಲ್ಲಿ ಕೇಳಿಬರುವುದು ಅಪರೂಪ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತದ್ದರಿಂದ ಹುಡುಗ ಬೆಳೆದದ್ದು ಕಡಲ ತೀರದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಡನೆ ಪಡೆದಾಗ ವಯಸ್ಸು ಹದಿನೈದು. ಹದಿನೆಂಟರ ಹೊತ್ತಿಗೆ ಬೆಳಕಿನ ವಿವರ್ತನೆಯನ್ನು ಕುರಿತ ಮೊದಲ ಪ್ರಬಂಧ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅಂಥ ಪ್ರತಿಭೆಗೆ ಅಂದು ಇದ್ದ ದಾರಿ ಇಂಗ್ಲೆಂಡ್ ಒಂದೇ. ಆದರೆ ಮದರಾಸಿನ ಸಿವಿಲ್ ಸರ್ಜನ್, ಈ ಕೃಶಕಾಯದ ತರುಣ ಅಲ್ಲಿಯ ಚಳಿಯನ್ನು ತಾಳಲಾರನೆಂದು ಅನುಮತಿ ನಿರಾಕರಿಸಿದರು. ವೈದ್ಯರ ಆ ಮಾತು ಇಲ್ಲದಿದ್ದರೆ ರಾಮನ್ ಪರದೇಶದ ಪ್ರಯೋಗಾಲಯವೊಂದರಲ್ಲಿ ನೆಲೆಯಾಗುತ್ತಿದ್ದರೋ ಏನೋ. ಯಾವ ದೇಹವನ್ನು ದುರ್ಬಲವೆಂದು ಬಗೆಯಲಾಯಿತೋ ಅದು 82 ವರ್ಷ ಬಾಳಿತು.

1907ರಲ್ಲಿ ಲೋಕಸುಂದರಿಯವರನ್ನು ಮದುವೆಯಾದ ರಾಮನ್, ಅದೇ ವರ್ಷ ಹಣಕಾಸು ಸೇವೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋದರು. ವಿಜ್ಞಾನದ ಅಧ್ಯಾಯ ಅಲ್ಲಿಗೇ ಮುಗಿಯಬೇಕಿತ್ತು. ಬೌಬಜಾರ್ ಬೀದಿಯಲ್ಲಿ ಕಣ್ಣಿಗೆ ಬಿದ್ದ ಒಂದು ನಾಮಫಲಕ ಅದನ್ನು ತಪ್ಪಿಸಿತು. ಅದು ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆಯ ಫಲಕ. 1876ರಲ್ಲಿ ಅದನ್ನು ಸ್ಥಾಪಿಸಿದವರು ಮಹೇಂದ್ರಲಾಲ್ ಸರ್ಕಾರ್, ವೃತ್ತಿಯಿಂದ ವೈದ್ಯರು. ಭಾರತೀಯರು ಸ್ವತಂತ್ರವಾಗಿ ಸಂಶೋಧನೆ ನಡೆಸಬಲ್ಲ ಮನೆಯೊಂದು ಬೇಕೆಂದು ಚಂದಾ ಎತ್ತಿ ಕಟ್ಟಿದ ಸಂಸ್ಥೆ ಅದು. ಉಪನ್ಯಾಸಗಳು ನಡೆಯುತ್ತಿದ್ದವು, ಉಪಕರಣಗಳೂ ಇದ್ದವು, ಅವನ್ನು ಬಳಸಿ ಹೊಸದನ್ನು ಅರಸುವವರು ಮಾತ್ರ ಇರಲಿಲ್ಲ. 1904ರಲ್ಲಿ ತೀರಿಕೊಂಡ ಮಹೇಂದ್ರಲಾಲರು ಆ ದಿನವನ್ನು ನೋಡಲಿಲ್ಲ. ರೋಗಿಗಳ ನಡುವೆ ಬದುಕಿದ ವೈದ್ಯನೊಬ್ಬ ತೆರೆದಿಟ್ಟ ಮನೆಯಲ್ಲಿ ಹುಟ್ಟಿದ ಬೆಳಕು ಮುಂದೊಮ್ಮೆ ರೋಗಿಗಳ ರಕ್ತದ ಬಳಿಗೇ ಮರಳುತ್ತದೆಂದು ಅಂದು ಯಾರೂ ಊಹಿಸುವಂತಿರಲಿಲ್ಲ.

ಬೆಳಗಿನ ಐದೂವರೆಗೆ ಅಸೋಸಿಯೇಷನ್, ಹತ್ತರ ಸುಮಾರಿಗೆ ಕಚೇರಿ, ಸಂಜೆ ಮತ್ತೆ ಅಸೋಸಿಯೇಷನ್. ರಂಗೂನು, ನಾಗಪುರಗಳಿಗೆ ವರ್ಗವಾದ ಅಲ್ಪಾವಧಿಯನ್ನು ಬಿಟ್ಟರೆ ಹತ್ತು ವರ್ಷ ನಡೆದದ್ದು ಇದೇ ದಿನಚರಿ. ಆಶುತೋಷ ಡೇ ಎಂಬ ಸಹಾಯಕರು ಹಗಲಿನ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಆಶುಬಾಬು ಆಗಿದ್ದ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆ ವರ್ಷಗಳಲ್ಲಿ ರಾಮನ್ನರ ಕುತೂಹಲವೆಲ್ಲ ನಾದದ ಮೇಲಿತ್ತು. ಪಿಟೀಲು, ವೀಣೆ, ತಂಬೂರಿ, ಮೃದಂಗ ಎಲ್ಲವೂ ಅವರ ಅಧ್ಯಯನದ ವಸ್ತುಗಳಾದವು. ಸಾಮಾನ್ಯ ಚರ್ಮವಾದ್ಯ ಬರಿಯ ಸದ್ದು ಮಾಡುವಾಗ ಮೃದಂಗ ಮಾತ್ರ ಶ್ರುತಿಬದ್ಧವಾಗಿ ನುಡಿಯುವುದೇಕೆ ಎಂಬುದಕ್ಕೆ, ಅದರ ನಡುವೆ ಮೆತ್ತುವ ಕರಣೆಯ ಭಾರವೇ ಕಾರಣವೆಂದು ಅವರು ತೋರಿಸಿಕೊಟ್ಟರು. ಪ್ರತಿಯೊಂದು ವಸ್ತುವಿಗೂ ಅದರದೇ ಆದ ಕಂಪನಗಳಿವೆ, ಅವುಗಳಿಂದಲೇ ಅದನ್ನು ಗುರುತಿಸಬಹುದು ಎಂಬ ಅರಿವು ಆಗಲೇ ಅವರ ಮನಸ್ಸಿನಲ್ಲಿ ಬೇರೂರಿತ್ತು.

1917ರಲ್ಲಿ ಆಶುತೋಷ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, ಸಂಬಳ ಕಡಿಮೆಯಾದರೂ ರಾಮನ್ ಸರ್ಕಾರಿ ಕೆಲಸ ಬಿಟ್ಟು ಬಂದರು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತಿತ್ತು. ಹಾಗೆ ಹೋಗಲು ಅವರು ಒಪ್ಪಲಿಲ್ಲ, ಕೊನೆಗೆ ಷರತ್ತೇ ಸಡಿಲವಾಯಿತು.

ಅವರು ಮೊದಲ ಬಾರಿ ಇಂಗ್ಲೆಂಡಿಗೆ ಹೋದದ್ದು 1921ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ. ನರ್ಕುಂಡ ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿಯೆಂಬುದು ಆಕಾಶದ ನೀಲಿಯ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲಿಯಂಥ ಹಿರಿಯ ವಿಜ್ಞಾನಿ ಹೇಳಿದ್ದರು. ರಾಮನ್ನರ ಬಳಿ ನಿಕೋಲ್ ಪಟ್ಟಕವೊಂದಿತ್ತು. ಅದರ ಮೂಲಕ ಸೂಕ್ತ ಕೋನದಲ್ಲಿ ನೋಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕು ಅಳಿಸಿಹೋಗುತ್ತದೆ. ಹಾಗೆ ಅಳಿಸಿದ ಮೇಲೂ ನೀಲಿ ಉಳಿಯಿತು, ಇನ್ನೂ ನಿಚ್ಚಳವಾಯಿತು. ಅಂದರೆ ಆ ಬಣ್ಣ ಎರವಲು ತಂದದ್ದಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಬಂದದ್ದು. ಹಡಗು ಮುಂಬಯಿ ಬಂದರು ಮುಟ್ಟುವ ಹೊತ್ತಿಗೆ ನೇಚರ್ ಪತ್ರಿಕೆಗೆ ಕಳಿಸುವ ಟಿಪ್ಪಣಿ ಸಿದ್ಧವಾಗಿತ್ತು. ನೀರು ತಾನೂ ಬೆಳಕನ್ನು ಹೀರುತ್ತದೆ, ವಿಶೇಷವಾಗಿ ಕೆಂಪು ಭಾಗವನ್ನು; ಕಡಲ ನೀಲಿಗೆ ಅದೂ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಆದರೂ ಆ ಪ್ರಶ್ನೆ ರಾಮನ್ನರನ್ನು ಸರಿಯಾದ ದಾರಿಗೇ ಹಚ್ಚಿತು.

ಮುಂದಿನ ಏಳು ವರ್ಷ ಬೌಬಜಾರ್ ಬೀದಿಯ ಪ್ರಯೋಗಾಲಯದಲ್ಲಿ ನಡೆದದ್ದು ಒಂದೇ ಕೆಲಸ: ದ್ರವಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದರ ಪರೀಕ್ಷೆ. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಒಂದು ವಿಚಿತ್ರವನ್ನು ಗಮನಿಸಿದರು. ನೇರಳೆ ಬೆಳಕನ್ನಷ್ಟೇ ಒಳಬಿಟ್ಟರೂ ದ್ರವದಿಂದ ಹೊರಬರುವ ಬೆಳಕಿನಲ್ಲಿ ಬೇರೆ ಬಣ್ಣದ ಸೆಲೆಯೊಂದು ಕಾಣುತ್ತಿತ್ತು. ದ್ರವದಲ್ಲಿನ ಕಲ್ಮಷ ನೇರಳೆಯನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊಳೆಯುತ್ತಿರಬೇಕು ಎಂಬುದು ಸಹಜವಾದ ಊಹೆ. ಈ ಹೊಳಪಿಗೆ ಪ್ರತಿದೀಪ್ತಿ ಎಂದು ಹೆಸರು. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು, ರಕ್ತದ ಬಣ್ಣವನ್ನು ಅಭ್ಯಸಿಸಿದ ಅದೇ ಸ್ಟೋಕ್ಸ್. ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧಗೊಳಿಸಿದರೂ ಆ ಸೆಲೆ ಅಳಿಯಲಿಲ್ಲ. ಆದರೂ ದುರ್ಬಲ ಪ್ರತಿದೀಪ್ತಿ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಒಂದು ಮಹತ್ತರ ಆವಿಷ್ಕಾರ ಕಣ್ಣೆದುರಿಗೇ ಇತ್ತು. ಅದನ್ನು ಮರೆಮಾಡಿದ್ದು ಉಪಕರಣದ ಕೊರತೆಗಿಂತ ಹೆಚ್ಚಾಗಿ ಅದಕ್ಕೆ ಕೊಟ್ಟ ಹೆಸರು.

1927ರ ಕೊನೆಯ ಹೊತ್ತಿಗೆ ರಾಮನ್ನರ ಸಂಶಯ ಬಲವಾಯಿತು. ಗ್ಲಿಸರಿನ್‌ನೊಡನೆ ಕೆಲಸ ಮಾಡುತ್ತಿದ್ದ ವೆಂಕಟೇಶ್ವರನ್, ಹೊರಬರುವ ಹೊಸ ಬೆಳಕು ಬಲವಾಗಿ ಧ್ರುವೀಕೃತವಾಗಿದೆಯೆಂದು ಕಂಡಿದ್ದರು. ಸಾಮಾನ್ಯ ಪ್ರತಿದೀಪ್ತಿಗೆ ಇದು ಹೊಂದುವ ಲಕ್ಷಣವಲ್ಲ. ಎಕ್ಸ್ ಕಿರಣಗಳು ಚದುರುವಾಗ ತರಂಗಾಂತರ ಬದಲಾಗುವುದನ್ನು ತೋರಿಸಿದ್ದಕ್ಕಾಗಿ ಕಾಂಪ್ಟನ್ ಅವರಿಗೆ ಆ ವರ್ಷ ನೊಬೆಲ್ ಪ್ರಶಸ್ತಿ ದೊರೆತಿತ್ತು. ಸಾಮಾನ್ಯ ಬೆಳಕಿನಲ್ಲೂ ಅಂಥದೇನಾದರೂ ನಡೆಯುತ್ತಿರಬಹುದೇ? 1928ರ ಆರಂಭದಲ್ಲಿ ರಾಮನ್ ತಮ್ಮ ಪ್ರತಿಭಾವಂತ ಶಿಷ್ಯ ಕೆ.ಎಸ್. ಕೃಷ್ಣನ್ ಅವರನ್ನು ಈ ಕೆಲಸಕ್ಕೆ ತೊಡಗಿಸಿದರು. ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಂದೆಡೆ ಸಾಂದ್ರಗೊಳಿಸಿ, ಒಂದು ಗಾಜಿನ ಶೋಧಕದಿಂದ ನೀಲಿ-ನೇರಳೆಯನ್ನಷ್ಟೇ ದ್ರವದೊಳಕ್ಕೆ ಬಿಟ್ಟು, ಇನ್ನೊಂದು ಶೋಧಕದಿಂದ ಅದೇ ಬಣ್ಣವನ್ನು ತಡೆದು ನೋಡುವುದು ಪ್ರಯೋಗದ ವಿಧಾನ. ಎರಡನೆಯ ಶೋಧಕದಾಚೆ ಕತ್ತಲೆಯಿರಬೇಕಿತ್ತು, ಅಲ್ಲಿ ಬೆಳಕಿತ್ತು. ಸುಮಾರು 60 ದ್ರವಗಳಲ್ಲಿ ಅದು ಕಂಡಿತು, ಎಲ್ಲದರಲ್ಲೂ ಹೆಚ್ಚು ಕಡಿಮೆ ಧ್ರುವೀಕೃತವಾಗಿಯೇ ಕಂಡಿತು. ಇಷ್ಟೊಂದು ಶುದ್ಧ ದ್ರವಗಳಲ್ಲಿ ಒಂದೇ ಕಲ್ಮಷ ಇರುವುದು ಸಾಧ್ಯವಿರಲಿಲ್ಲ.

ಫೆಬ್ರುವರಿ 28ರಂದು ರೋಹಿತದರ್ಶಕವನ್ನು ಹಿಡಿದು ನೋಡಿದಾಗ ಹೊಸ ಬೆಳಕು ಮೂಲ ಬೆಳಕಿನಿಂದ ಪ್ರತ್ಯೇಕವಾದ ಪಟ್ಟೆಯಾಗಿ ನಿಂತಿತ್ತು. ಸೂರ್ಯನ ಬದಲು ಪಾದರಸ ದೀಪವನ್ನು ಬಳಸಿದಾಗ ಪಟ್ಟೆಗಳ ಜಾಗದಲ್ಲಿ ಸ್ಪಷ್ಟವಾದ ಗೆರೆಗಳು ಮೂಡಿದವು. ಒಂದೊಂದು ದ್ರವಕ್ಕೂ ಅದರದೇ ಗೆರೆಗಳ ವಿನ್ಯಾಸ. ಮರುದಿನವೇ ಸುದ್ದಿಸಂಸ್ಥೆಗೆ ವಿಷಯ ತಿಳಿಸಲಾಯಿತು. ಮಾರ್ಚ್ 16ರಂದು ರಾಮನ್ ಅದನ್ನು ವಿದ್ವಾಂಸರ ಮುಂದೆ ವಿಸ್ತಾರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ನಡೆದ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಇದೇ ಕಾಲಕ್ಕೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್‌ಸ್ಟಾಮ್ ಸ್ಫಟಿಕ ಶಿಲೆಯಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು, ಆದರೆ ಅವರ ಪ್ರಕಟಣೆ ಹಿಂದೆ ಬಿತ್ತು.

ಆ ಗೆರೆಗಳ ಅರ್ಥವನ್ನು ಮೃದಂಗದ ಉದಾಹರಣೆಯಿಂದಲೇ ಹೇಳಬಹುದು. ಅಣುವೆಂದರೆ ಪರಮಾಣುಗಳ ಜೋಡಣೆ. ಆ ಜೋಡಣೆಗೆ ತಕ್ಕಂತೆ ಅದು ಕೆಲವು ನಿರ್ದಿಷ್ಟ ರೀತಿಗಳಲ್ಲಿ ಮಾತ್ರ ಕಂಪಿಸಬಲ್ಲದು, ವಾದ್ಯಕ್ಕೆ ಅದರದೇ ಸ್ವರಗಳಿರುವ ಹಾಗೆ. ಅಣುವಿಗೆ ಬಡಿದ ಬೆಳಕಿನ ಕಣಗಳಲ್ಲಿ ಬಹುತೇಕ ಎಲ್ಲವೂ ಬಂದ ಬಣ್ಣದಲ್ಲೇ ಚದುರುತ್ತವೆ. ಸುಮಾರು ಒಂದು ಕೋಟಿಯಲ್ಲಿ ಒಂದು ಕಣ ಮಾತ್ರ ತನ್ನ ಶಕ್ತಿಯ ಒಂದು ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತೆಂದು ಅಳೆದರೆ ಅಣು ಯಾವುದೆಂದು ತಿಳಿಯುತ್ತದೆ. ಅಣುವಿಗೆ ಬಣ್ಣ ಇರಬೇಕಾಗಿಲ್ಲ, ಅದಕ್ಕೆ ಯಾವ ರಾಸಾಯನಿಕವನ್ನೂ ಬೆರೆಸಬೇಕಾಗಿಲ್ಲ. ಇನ್ನೊಂದು ಅನುಕೂಲವೂ ಇದೆ. ಅವಕೆಂಪು ಬೆಳಕನ್ನು ಹೀರುವ ವಿಧಾನಕ್ಕೆ ನೀರು ದೊಡ್ಡ ಅಡ್ಡಿ, ರಾಮನ್ ರೋಹಿತದಲ್ಲಿ ನೀರಿನ ಸಂಕೇತ ಕ್ಷೀಣ. ರಕ್ತದಲ್ಲಿ ಬಹುಪಾಲು ನೀರೇ ಎಂಬುದನ್ನು ನೆನೆದರೆ ಇದರ ಮಹತ್ವ ಅರ್ಥವಾಗುತ್ತದೆ.

1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನ ವಿಭಾಗದಲ್ಲಿ ಅದನ್ನು ಪಡೆದ ಏಷ್ಯಾದ ಮೊದಲಿಗರು ರಾಮನ್. ಪ್ರಶಸ್ತಿ ಅವರೊಬ್ಬರಿಗೇ ಸಂದಿತು, ಕೃಷ್ಣನ್ ಹೆಸರು ಅದರಲ್ಲಿ ಸೇರಲಿಲ್ಲ. ದಾರಿ ಹಾಕಿದ್ದು, ದಿಕ್ಕು ತೋರಿದ್ದು ಗುರುವೇ ಆದರೂ ನಿರ್ಣಾಯಕ ವಾರಗಳಲ್ಲಿ ದ್ರವದ ಮುಂದೆ ಕಣ್ಣಿಟ್ಟು ಕೂತವರು ಶಿಷ್ಯ ಎಂಬುದನ್ನು ಮರೆಯುವಂತಿಲ್ಲ. ಆಶುಬಾಬು, ರಾಮನಾಥನ್, ವೆಂಕಟೇಶ್ವರನ್, ಕೃಷ್ಣನ್ ಇವರನ್ನೆಲ್ಲ ಬಿಟ್ಟು ರಾಮನ್ ಪರಿಣಾಮದ ಕಥೆಯನ್ನು ಹೇಳುವುದು ಅರ್ಧ ಸತ್ಯವಾದೀತು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು, 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಆರಂಭಿಸಿದರು, ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರಂಥ ವಿಜ್ಞಾನಿಯನ್ನು ಇಲ್ಲಿಗೆ ಕರೆತಂದರು. ಆದರೆ ಅವರ ಆತುರ, ಭೌತವಿಜ್ಞಾನದತ್ತ ಅವರಿಗಿದ್ದ ಒಲವು, ಮಾತಿನ ಹರಿತ ಇವೆಲ್ಲ ಸೇರಿ ಸಂಘರ್ಷ ಬೆಳೆಯಿತು. 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಉಳಿದರು.

ಅವರ ವ್ಯಕ್ತಿತ್ವದ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. 1933ರಲ್ಲಿ ಮುಂಬಯಿಯಿಂದ ಬಂದ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ, ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದ್ದರು. ಆಕೆ ಹಠ ಹಿಡಿದಾಗ ಷರತ್ತುಗಳೊಡನೆ ಒಪ್ಪಿದರು. ಮುಂದೆ ಕಮಲಾ ಸೋಹೋನಿ ಎಂದು ಹೆಸರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಸಸ್ಯಗಳ ಜೀವಕೋಶಗಳಲ್ಲಿ ಸೈಟೊಕ್ರೋಮ್ ಸಿ ಇದೆಯೆಂಬುದು ಅಲ್ಲಿ ಅವರು ಕಂಡುಕೊಂಡ ಸಂಗತಿ. ಹಿಮೋಗ್ಲೋಬಿನ್‌ನಂತೆ ಕಬ್ಬಿಣವನ್ನು ಹೊತ್ತ ಹೀಮ್ ಎಂಬ ಘಟಕವುಳ್ಳ ಪ್ರೋಟೀನು ಅದು. ಈ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ. ತಮ್ಮ ಪ್ರಯೋಗಾಲಯದಲ್ಲಿ ಅನ್ನಾ ಮಣಿಯವರಂಥ ಪ್ರತಿಭೆಗೂ ರಾಮನ್ ಅವಕಾಶ ಕೊಟ್ಟರು ಎಂಬುದು ನಿಜ. ಆದರೂ ಬಾಗಿಲಲ್ಲಿ ಆದ ಮೊದಲ ಅನ್ಯಾಯ ಅದರಿಂದ ಅಳಿಯುವುದಿಲ್ಲ.

ಮೈಸೂರಿನ ಮಹಾರಾಜರು ಕೊಟ್ಟ ಭೂಮಿಯಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ತಲೆಯೆತ್ತಿತು. 1954ರಲ್ಲಿ ಭಾರತರತ್ನ ಬಂತು. ಆದರೆ ಅಷ್ಟರಲ್ಲಿ ಅವರು ಕಂಡ ಪರಿಣಾಮದ ಉಪಯೋಗಕ್ಕೆ ಮಂಕು ಕವಿದಿತ್ತು. 1930ರ ದಶಕದಲ್ಲಿ ರಸಾಯನವಿಜ್ಞಾನಿಗಳ ಅಚ್ಚುಮೆಚ್ಚಿನ ಸಾಧನವಾಗಿದ್ದ ರಾಮನ್ ರೋಹಿತ, ಎರಡನೆಯ ಮಹಾಯುದ್ಧದ ನಂತರ ಅವಕೆಂಪು ರೋಹಿತಮಾಪಕಗಳ ಮುಂದೆ ಹಿಂದೆ ಸರಿಯಿತು. ಕೋಟಿಗೊಂದು ಕಣವನ್ನು ಹಿಡಿಯಲು ಪಾದರಸ ದೀಪದ ಬೆಳಕು ಸಾಲದು, ಛಾಯಾಫಲಕವನ್ನು ಗಂಟೆಗಟ್ಟಲೆ ಬೆಳಕಿಗೆ ಒಡ್ಡಬೇಕು. ರಾಮನ್ನರ ಮನಸ್ಸು ಆಗಲೇ ವಜ್ರ, ಮುತ್ತು, ಹೂವಿನ ಬಣ್ಣ, ಕಣ್ಣಿನ ದೃಷ್ಟಿ ಇವುಗಳತ್ತ ಹೊರಳಿತ್ತು. ತಾವು ಕಂಡ ಬೆಳಕಿಗೆ ಉಪಯೋಗವೇನೆಂಬ ಚಿಂತೆ ಅವರನ್ನು ಎಂದೂ ಕಾಡಿದಂತಿಲ್ಲ.

ಮರುಹುಟ್ಟು ಬಂದದ್ದು ಬೇರೆಯ ದಿಕ್ಕಿನಿಂದ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಅನ್ನು ಬೆಳಗಿಸಿದರು. ಒಂದೇ ಬಣ್ಣದ, ತೀಕ್ಷ್ಣವಾದ, ಚುಕ್ಕೆಯಷ್ಟು ಜಾಗದಲ್ಲಿ ನಿಲ್ಲಿಸಬಹುದಾದ ಬೆಳಕು. ರಾಮನ್ ರೋಹಿತಕ್ಕೆ ಬೇಕಾಗಿದ್ದುದು ಇದೇ. ಮರೆಯಾಗುತ್ತಿದ್ದ ವಿದ್ಯೆ ಹತ್ತು ವರ್ಷಗಳಲ್ಲಿ ಮತ್ತೆ ಚಿಗುರಿತು. 1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಸಂಸ್ಕಾರ ನಡೆಯಿತು, ಸಮಾಧಿಯ ಬದಲು ಅಲ್ಲೊಂದು ಮರ ನೆಡಲಾಯಿತು.

ಅದಾದ ಎರಡೇ ವರ್ಷಕ್ಕೆ, 1972ರಲ್ಲಿ, ಅಮೆರಿಕದ ಥಾಮಸ್ ಸ್ಪೈರೊ ಮತ್ತು ಥಾಮಸ್ ಸ್ಟ್ರೆಕಾಸ್ ಲೇಸರ್ ಬೆಳಕಿನಲ್ಲಿ ಹಿಮೋಗ್ಲೋಬಿನ್ ಮತ್ತು ಸೈಟೊಕ್ರೋಮ್ ಸಿ ಇವುಗಳ ರಾಮನ್ ರೋಹಿತವನ್ನು ಪ್ರಕಟಿಸಿದರು. ಲೇಸರ್‌ನ ಬಣ್ಣ ಹೀಮ್ ಹೀರುವ ಬಣ್ಣಕ್ಕೆ ಹೊಂದಿಕೆಯಾದಾಗ ರಾಮನ್ ಗೆರೆಗಳು ಅನೇಕ ಪಟ್ಟು ಬಲಗೊಳ್ಳುತ್ತವೆ. ಇದರಿಂದ ಬೃಹತ್ತಾದ ಪ್ರೋಟೀನಿನ ನಡುವೆ ಅಡಗಿದ ಕಬ್ಬಿಣದ ಸುತ್ತಮುತ್ತಲಿನ ಸ್ಥಿತಿಯೇ ಓದಲು ಸಿಕ್ಕಿತು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಾಗ ರೋಹಿತದ ಒಂದು ಮುಖ್ಯ ಗೆರೆ ಸುಮಾರು 1360ರಿಂದ 1375ರ ಸ್ಥಾನಕ್ಕೆ ಸರಿಯುತ್ತದೆ. ಹೀಗೆ ಬೌಬಜಾರಿನ ಬೆಳಕು ರಕ್ತವನ್ನು ಮುಟ್ಟಿತು. ಅದರ ಜೊತೆಗೇ ಓದಿಸಿಕೊಂಡದ್ದು ಕಮಲಾ ಸೋಹೋನಿಯವರು ಕೇಂಬ್ರಿಜ್‌ನಲ್ಲಿ ಬೆನ್ನುಹತ್ತಿದ್ದ ಪ್ರೋಟೀನು.

ಆಮೇಲೆ ದಾರಿಗಳು ಕವಲೊಡೆದವು. ಮಲೇರಿಯಾ ಪರೋಪಜೀವಿ ಕೆಂಪು ರಕ್ತಕಣದೊಳಗೆ ಸೇರಿ ಹಿಮೋಗ್ಲೋಬಿನ್ನನ್ನು ತಿಂದು, ಉಳಿದ ಹೀಮನ್ನು ಹಿಮೋಜೋಯಿನ್ ಎಂಬ ಹರಳಾಗಿ ಮಾಡಿಡುತ್ತದೆ. ಆ ಹರಳಿನ ರಾಮನ್ ಚಿತ್ರವನ್ನು 2003ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೋಪಜೀವಿಯ ಒಳಗೇ ತೆಗೆದರು. ನಮ್ಮ ಮಣಿಪಾಲದ ಸಂಶೋಧಕರು ಲೇಸರ್ ಬೆಳಕನ್ನೇ ಚಿಮಟದಂತೆ ಬಳಸಿ, ಜೀವಂತವಾದ ಒಂದೇ ಒಂದು ಕೆಂಪು ರಕ್ತಕಣವನ್ನು ದ್ರವದಲ್ಲಿ ಹಿಡಿದು ನಿಲ್ಲಿಸಿ ಅದರ ರೋಹಿತವನ್ನು ದಾಖಲಿಸುತ್ತ ಬಂದಿದ್ದಾರೆ. ನವಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ವಿಭಾಗದಲ್ಲಿ ಬಾಯಿ ಕ್ಯಾನ್ಸರ್ ಪೀಡಿತರ ರಕ್ತಸಾರವನ್ನು ಆರೋಗ್ಯವಂತರ ರಕ್ತಸಾರದೊಡನೆ ಈ ಬೆಳಕಿನಲ್ಲಿ ಹೋಲಿಸುವ ಅಧ್ಯಯನಗಳು ನಡೆದಿವೆ. ತಂಬಾಕು ಜಗಿಯುವ ಚಟ ವ್ಯಾಪಕವಾಗಿರುವ ದೇಶದಲ್ಲಿ ಇಂಥ ಪರೀಕ್ಷೆ ಕೈಗೆ ಬಂದರೆ ಉಳಿಯಬಹುದಾದ ಜೀವಗಳು ಕಡಿಮೆಯೇನಲ್ಲ.

ಎಲ್ಲಕ್ಕಿಂತ ದೊಡ್ಡ ಆಸೆ ಇರುವುದು ಸಕ್ಕರೆ ಕಾಯಿಲೆಯ ವಿಷಯದಲ್ಲಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ದಿನಕ್ಕೆ ಹಲವು ಬಾರಿ ಬೆರಳು ಚುಚ್ಚಿಕೊಳ್ಳಬೇಕಾದವರ ನೋವು ಅದನ್ನು ಅನುಭವಿಸಿದವರಿಗೇ ಗೊತ್ತು. ಗ್ಲೂಕೋಸಿಗೆ ರಾಮನ್ ರೋಹಿತದಲ್ಲಿ ಸ್ಪಷ್ಟವಾದ ಗೆರೆಗಳಿವೆ. ಹಾಗಿದ್ದರೆ ಚರ್ಮದ ಮೇಲೆ ಬೆಳಕು ಬಿಟ್ಟು ಸಕ್ಕರೆಯನ್ನು ಓದಬಹುದಲ್ಲ? ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿ ದಶಕಗಳೇ ಕಳೆದವು.

ಅಡ್ಡ ಬಂದದ್ದು ಹಳೆಯ ಎದುರಾಳಿಯೇ. ಚರ್ಮವೂ ರಕ್ತವೂ ಲೇಸರ್ ಬೆಳಕಿಗೆ ಪ್ರತಿದೀಪ್ತಿಯನ್ನು ಹೊಮ್ಮಿಸುತ್ತವೆ. ಕೋಟಿಗೊಂದರಂತೆ ಬರುವ ರಾಮನ್ ಕಣಗಳು ಆ ಹೊಳಪಿನಲ್ಲಿ ಮುಳುಗಿಹೋಗುತ್ತವೆ. ಕಲ್ಕತ್ತದಲ್ಲಿ ಹೊಸ ಬೆಳಕನ್ನು ಪ್ರತಿದೀಪ್ತಿಯೆಂದು ತಪ್ಪಾಗಿ ತಿಳಿಯಲಾಗಿತ್ತು. ಇಲ್ಲಿ ನಿಜವಾದ ಪ್ರತಿದೀಪ್ತಿಯೇ ಹೊಸ ಬೆಳಕನ್ನು ನುಂಗುತ್ತದೆ. ಅವಕೆಂಪಿಗೆ ಹತ್ತಿರದ ಲೇಸರ್ ಬಳಸಿದರೆ ಈ ತೊಂದರೆ ತಗ್ಗುತ್ತದೆ, ಆದರೆ ರಾಮನ್ ಸಂಕೇತವೂ ದುರ್ಬಲವಾಗುತ್ತದೆ. ಆಗ ಗಣಕಯಂತ್ರದ ಲೆಕ್ಕಾಚಾರಕ್ಕೆ ಮೊರೆ ಹೋಗಬೇಕು. ಅಲ್ಲೇ ಅಪಾಯವೂ ಇರುವುದು. ಯಂತ್ರ ಹೇಳಿದ ಅಂಕಿ ರಕ್ತಪರೀಕ್ಷೆಯ ಅಂಕಿಗೆ ಹೊಂದಿದ ಮಾತ್ರಕ್ಕೆ ಅದು ಗ್ಲೂಕೋಸನ್ನೇ ಕಂಡಿದೆ ಎನ್ನಲಾಗದು. ಅದರ ಜೊತೆಗೆ ಏರಿಳಿಯುವ ಬೇರೆ ಯಾವುದನ್ನೋ ಕಂಡಿರಬಹುದು. ಆ ಸಂಸ್ಥೆಯ ತಂಡ ಗ್ಲೂಕೋಸಿನ ಗುರುತನ್ನೇ ಜೀವಂತ ಹಂದಿಯ ಚರ್ಮದ ಮೂಲಕ ನೇರವಾಗಿ ಕಂಡದ್ದನ್ನು ವರದಿ ಮಾಡಿದ್ದು 2020ರಲ್ಲಿ.

ಮಾರುಕಟ್ಟೆಗೆ ಅಷ್ಟು ತಾಳ್ಮೆ ಇಲ್ಲ. ಬೆರಳು ಚುಚ್ಚದೆ ಸಕ್ಕರೆ ಅಳೆಯುವುದಾಗಿ ಹೇಳಿಕೊಳ್ಳುವ ಕೈಗಡಿಯಾರ, ಉಂಗುರಗಳು ಬಿಕರಿಯಾಗತೊಡಗಿದಾಗ, ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ, ನಂಬಿ ಮದ್ದು ತೆಗೆದುಕೊಂಡರೆ ಪ್ರಾಣಾಪಾಯವಾದೀತು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಬೇಕಾಯಿತು. ದಶಕಗಳ ಬಳಕೆಯಿರುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚು ಬಾರಿ ಗುರುತಿಸದೆ ಹೋಗುತ್ತದೆಂದು ಅಮೆರಿಕದ ರೋಗಿಗಳ ಮೇಲಿನ ಅಧ್ಯಯನವೊಂದು 2020ರಲ್ಲಿ ತೋರಿಸಿತ್ತು. ಚರ್ಮದ ಬಣ್ಣಗಳ ವೈವಿಧ್ಯ ಇಷ್ಟಿರುವ ನಮ್ಮ ದೇಶದಲ್ಲಿ ಬೆಳಕಿನ ಯಾವ ಉಪಕರಣವನ್ನೂ ಇಲ್ಲಿಯ ಜನರ ಮೇಲೆ ಪರೀಕ್ಷಿಸದೆ ಒಪ್ಪುವುದು ಸಲ್ಲದು.

ರಾಮನ್ನರ ಬದುಕು ನಮಗೆ ಕಲಿಸುವುದು ಇಲ್ಲಿಯೇ. ಅವರ ಶಿಷ್ಯರು 1923ರಲ್ಲಿ ಕಂಡ ಸೆಲೆಯನ್ನು ಆಗಲೇ ಹೊಸ ಬೆಳಕೆಂದು ಸಾರಬಹುದಿತ್ತು, ಅಥವಾ ಕಲ್ಮಷವೆಂದು ಶಾಶ್ವತವಾಗಿ ಬದಿಗಿಡಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ದ್ರವವನ್ನು ಮತ್ತೆ ಶುದ್ಧಗೊಳಿಸಿದರು, ಮತ್ತೆ ನೋಡಿದರು, 60 ದ್ರವಗಳು ಒಂದೇ ಮಾತನ್ನು ಹೇಳುವವರೆಗೆ ಕಾದರು. ಕಂಡದ್ದಕ್ಕೂ ಅದಕ್ಕೆ ಇಡುವ ಹೆಸರಿಗೂ ನಡುವೆ ಇರಬೇಕಾದ ಈ ಅಂತರವನ್ನು ಪ್ರಯೋಗಾಲಯದಲ್ಲಿ ಶಿಸ್ತು ಎನ್ನುತ್ತಾರೆ, ರೋಗಿಯ ಹಾಸಿಗೆಯ ಬಳಿ ಅದು ಪ್ರಾಣದ ಪ್ರಶ್ನೆ.

ಇನ್ನೊಂದು ಮಾತು ಅನುದಾನ ಹಂಚುವವರಿಗೆ ಸಂಬಂಧಿಸಿದ್ದು. ಕಡಲು ನೀಲಿಯೇಕೆ ಎಂಬ ಪ್ರಶ್ನೆಯಿಂದ ಏನು ಪ್ರಯೋಜನವೆಂದು 1921ರಲ್ಲಿ ಯಾರಾದರೂ ಲಿಖಿತ ವಿವರಣೆ ಕೇಳಿದ್ದರೆ ರಾಮನ್ನರ ಬಳಿ ಉತ್ತರವಿರುತ್ತಿರಲಿಲ್ಲ. ಆ ಪ್ರಶ್ನೆಗೂ ರಕ್ತದ ಮೊದಲ ರಾಮನ್ ರೋಹಿತಕ್ಕೂ ನಡುವೆ ಅರ್ಧ ಶತಮಾನ ಉರುಳಿತು. ಚಂದಾ ಎತ್ತಿ ಮನೆ ಕಟ್ಟಿದ ವೈದ್ಯ, ಕಡಿಮೆ ಸಂಬಳಕ್ಕೆ ಬಂದ ಅಧಿಕಾರಿ, ಹೆಸರಿಲ್ಲದೆ ದುಡಿದ ಸಹಾಯಕ ಇವರಲ್ಲಿ ಯಾರೂ ಫಲವನ್ನು ಕಾಣಲು ಉಳಿಯಲಿಲ್ಲ. ಮುಂದಿನ ಫೆಬ್ರುವರಿ 28ರಂದು ಭಾವಚಿತ್ರಕ್ಕೆ ಹಾರ ಹಾಕುವ ಮುನ್ನ, ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಹಿಡಿದು ಕೂತ ಒಬ್ಬ ವಿದ್ಯಾರ್ಥಿಗಾದರೂ, ಬಾಗಿಲಲ್ಲಿ ನಿಂತ ಒಬ್ಬ ವಿದ್ಯಾರ್ಥಿನಿಗಾದರೂ ನಮ್ಮ ಕಾಲೇಜುಗಳ ಪ್ರಯೋಗಾಲಯಗಳು ಸಂಜೆಯ ನಂತರವೂ ತೆರೆದಿವೆಯೇ ಎಂದು ನೋಡಿಕೊಳ್ಳುವುದು ಒಳಿತು.